ಪಿಟಿಎ ಫಾರ್ಮಲ್ಲಿ ದುಡ್ಡಿನ ಕಾಲಂ ಒಂದೇ ಯಾಕೆ?

ಮುಂಬಯಿಯ ಸೆಂಟ್ರಲ್ ರೈಲ್ವೆ ಲೈನ್ ಕಡೆ ಒಂದು ಖಾಸಗಿ ಶಾಲೇಲಿ ಟೀಚರ್ ನಾನು, ಪಿಟಿಎ (ಪೋಷಕರು-ಶಿಕ್ಷಕರ ಸಂಘ) ಸೆಕ್ರೆಟರಿ ಕೆಲಸಾನೂ ನಂದೇ. ನಮ್ಮ ಪೋಷಕರಲ್ಲಿ ಕನ್ನಡದವರು ಸುಮಾರು ಜನ ಇದಾರೆ, ಉಡುಪಿ ಕಡೆಯ ಹೋಟೆಲಿನವರು, ವಿಜಯಪುರ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಮಹಾರಾಷ್ಟ್ರದ 2011ರ ಫೀ ಕಾನೂನಿನ ಪ್ರಕಾರ ಪಿಟಿಎ ಕಮಿಟಿಗೆ ಪೋಷಕರನ್ನ ಚೀಟಿ ಎತ್ತಿ ಆರಿಸ್ತೀವಿ, ಅದು ಒಳ್ಳೇದೇ, ಯಾರ ವಶೀಲಿನೂ ನಡೆಯಲ್ಲ. ಆದ್ರೆ ಆಮೇಲೆ ಅವರನ್ನ ಕರೆಯೋದು ಫೀ ಮೀಟಿಂಗಿಗೆ, ಇಲ್ಲಾಂದ್ರೆ ಚಂದಾ ಕೇಳೋಕೆ.

ಹೋದ ವರ್ಷ ಪೋಷಕರು, ಮಕ್ಕಳು, ಅಕ್ಕಪಕ್ಕದ ಚಾಳಿನ (ವಠಾರದ) ಜನ ಎಲ್ಲ ಸೇರಿ ಆಡೋ ಹಾಗೆ ಒಂದು ಭಾನುವಾರ ಇಟ್ಕೊಂಡ್ವಿ. ಕೂಡಿದ ಚಂದಾದಲ್ಲಿ ಹೆಚ್ಚಿನ ಪಾಲು ಸ್ಟೇಜು, ಫ್ಲೆಕ್ಸು, ಡಿಜೆಗೇ ಹೋಯ್ತು. ಪೊಲೀಸ್ ಪರ್ಮಿಷನ್ ತಗೋಬೇಕಲ್ವಾ ಅಂತ ಮೀಟಿಂಗಲ್ಲಿ ಕೇಳಿದ್ದೆ, ಮ್ಯಾನೇಜ್ಮೆಂಟಿನವರು "ನಮ್ಮದೇ ಮೈದಾನ, ನಮಗ್ಯಾಕೆ ಪರ್ಮಿಷನ್" ಅಂದುಬಿಟ್ರು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಲೌಡ್‌ಸ್ಪೀಕರ್ ಹಾಕೋಕೆ ಲಿಖಿತ ಅನುಮತಿ ಬೇಕೇ ಬೇಕು, ಮೈದಾನ ಯಾರದ್ದಾದ್ರೂ ಸರಿ. ಮೇಲಾಗಿ ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಹೆರಿಗೆ ಆಸ್ಪತ್ರೆ ಇದೆ.

ಎರಡನೇ ಹಾಡಿಗೇ ಹವಾಲ್ದಾರ್ರು ಬಂದ್ರು. "ಪರವಾನಗಿ ಕುಠೆ ಆಹೆ?" (ಪರ್ಮಿಷನ್ ಎಲ್ಲಿ?) ಡಿಜೆ ಹುಡುಗ ನನ್ನ ಮುಖ ನೋಡ್ತಾನೆ, ನಾನು ಪ್ರಿನ್ಸಿಪಾಲ್ ಮುಖ ನೋಡ್ತೀನಿ, ಅವರು ಟ್ರಸ್ಟಿಗೆ ಫೋನ್ ಹಚ್ಚಿದ್ರೆ ಎತ್ತುತ್ತಿಲ್ಲ. ಮೈಕ್ ಬಂದ್. ಮೈದಾನದ ತುಂಬ ಮಕ್ಕಳು, ಆ ಕಡೆ ಬಾಲವಾಡಿ ಮಗು ಒಂದು ಅಳೋಕೆ ಶುರು, ಕೆಲವರು ಚಪ್ಪಲಿ ಹಾಕ್ಕೊಂಡು ಗೇಟ್ ಕಡೆ ಹೊರಟೇಬಿಟ್ರು, ಮೈಕ್ ಇಲ್ದೆ ಅಷ್ಟು ಜನರನ್ನ ತಡೆಯೋದು ಹ್ಯಾಗೆ ಅಂತ ನನ್ನ ಕೈಕಾಲೇ ಆಡಲಿಲ್ಲ.

ಆಗ ಆರನೇ ಕ್ಲಾಸಿನ ಹುಡುಗಿಯ ಅಮ್ಮ, ವಿಜಯಪುರದ ಕಡೆಯವರು, ಹತ್ತಿರ ಬಂದು "ಟೀಚರ್, ಸೀಟಿ ಐತೇನ್ರಿ?" ಅಂದ್ರು. ಪಿಟಿ ಸರ್ ಹತ್ರ ಇದ್ದದ್ದನ್ನ ಕೊಟ್ಟೆ. ಸೆರಗು ಸೊಂಟಕ್ಕೆ ಸಿಗಿಸಿ, ಸುಣ್ಣದಪುಡಿ ಹಾಕಿ ಗೆರೆ ಎಳೆದು, ಎಂಟು ಜನ ಅಮ್ಮಂದಿರನ್ನ ಒಬ್ಬರು ಈ ಕಡೆ ಮುಖ ಒಬ್ಬರು ಆ ಕಡೆ ಮುಖ ಮಾಡಿ ಕೂರಿಸಿ, ಒಂಬತ್ತನೆಯವರಾಗಿ ತಾವೇ ಓಡೋಕೆ ನಿಂತ್ರು. ಖೋ-ಖೋ! ಗೇಟ್ ತನಕ ಹೋಗಿದ್ದವರು ವಾಪಸ್ ಬಂದ್ರು. ಮದುವೆಗೆ ಮುಂಚೆ ಜಿಲ್ಲಾ ಮಟ್ಟದಲ್ಲಿ ಆಡ್ತಿದ್ರಂತೆ. ಈ ಆಟಕ್ಕೆ ಮೊದಲು ನಿಯಮ ಬರೆದದ್ದು 1914ರಲ್ಲಿ, ಇಲ್ಲೇ ಪುಣೆಯಲ್ಲಿ, ಇದು ಪಿಟಿ ಪುಸ್ತಕ ಓದಿದ ನಮಗೆ ಗೊತ್ತು, ಆದ್ರೆ ಆಟ ಬಲ್ಲವರು ದಿನಾ ನಮ್ಮ ಗೇಟ್ ಹತ್ರಾನೇ ಮಗು ಬಿಟ್ಟು ಹೋಗ್ತಾರೆ ಅನ್ನೋದು ಶಾಲೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾಕಂದ್ರೆ ಪಿಟಿಎ ಫಾರ್ಮಲ್ಲಿ ಹೆಸರು, ಮೊಬೈಲ್ ನಂಬರ್, ಎಷ್ಟು ಕೊಡ್ತೀರಿ, ಅಷ್ಟೇ ಇರೋದು.

ಈ ಸಲ ಜಗಳ ಮಾಡಿಯೇ ಎರಡು ಕಾಲಂ ಸೇರಿಸಿದೀನಿ: ನಿಮಗೇನು ಬರುತ್ತೆ, ಯಾವ ಹೊತ್ತು ಬಿಡುವು. ಒಬ್ಬರು ಚೆಂಡೆ ಬಾರಿಸ್ತಾರೆ, ಒಬ್ಬರು ಕೇರಂ ರೆಫ್ರಿ, ಒಬ್ಬರಜ್ಜಿ ಚೌಕಾಬಾರ ಕಲಿಸ್ತೀನಿ ಅಂತ ಬರೆಸಿದಾರೆ. ಎರಡನೇ ಕಾಲಂ ನೋಡಿ ಇನ್ನೊಂದು ಗೊತ್ತಾಯ್ತು, ಹೋಟೆಲಿನ ಅಪ್ಪಂದಿರಿಗೆ ಭಾನುವಾರವೇ ರಶ್ಶು, ಅವರು ಬರಲ್ಲ ಬರಲ್ಲ ಅಂತ ದೂರ್ತಿದ್ದ ನಾವು ಅವರಿಗೆ ಆಗದ ದಿನವನ್ನೇ ಪ್ರತಿ ಸಲ ಆರಿಸ್ತಿದ್ವಿ. ವಾರದ ಮಧ್ಯೆ ಮೂರರಿಂದ ಐದು ಆದ್ರೆ ಬರ್ತೀವಿ ಅಂತ ಬಹಳ ಜನ ಬರೆದಿದಾರೆ.

ಮ್ಯಾನೇಜ್ಮೆಂಟ್ ಇನ್ನೂ ಒಪ್ಪಿಲ್ಲ, ವರ್ಕಿಂಗ್ ಡೇ ಕೆಡುತ್ತಂತೆ. ಆ ಫಾರ್ಮುಗಳನ್ನೆಲ್ಲ ಶುಕ್ರವಾರದ ಮೀಟಿಂಗಲ್ಲಿ ಮೇಜಿನ ಮೇಲೆ ಇಡ್ತೀನಿ. ಮೈಕಿನ ಅರ್ಜಿ ಮಾತ್ರ ಈಗಲೇ ಪೊಲೀಸ್ ಸ್ಟೇಷನ್ನಿಗೆ ಕೊಟ್ಟಾಗಿದೆ.