ರಾತ್ರಿ ಲ್ಯಾಬ್‌ನಲ್ಲಿ ತಾನಾಗೇ ಓಡಾಡಿದ ಮೌಸ್

ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳೋದು ನನ್ನ ಕೆಲಸ. ಹೋದ ವರ್ಷ ಒಂದು ರಾತ್ರಿ ಹನ್ನೊಂದೂವರೆಗೆ ಲ್ಯಾಬ್ ಟೆಕ್ನಿಷಿಯನ್ ಫೋನ್ ಮಾಡಿದರು. "ಸರ್, ನಾ ಮೌಸ್ ಮುಟ್ಟೇ ಇಲ್ರಿ. ಬಾಣ ತಾನಾ ಓಡಾಡಾಕತ್ತದ."

"ಮೊದ್ಲು ಲ್ಯಾನ್ ಕೇಬಲ್ ಕೀಳ್ರಿ. ಕಂಪ್ಯೂಟರ್ ಆಫ್ ಮಾಡಬ್ಯಾಡ್ರಿ" ಅಂದೆ. ಕೇಬಲ್ ಕಿತ್ತರೆ ನೆಟ್‌ವರ್ಕ್ ಮೂಲಕ ಒಳಗೆ ನುಗ್ಗಿದವರ ಸಂಪರ್ಕ ಕಡಿಯುತ್ತೆ. ಆಫ್ ಮಾಡಿದರೆ ಅವರ ಗುರುತು ಅಳಿಸಿ ಹೋಗಬಹುದು.

ಅದು ರಕ್ತ ಪರೀಕ್ಷೆ ಮಷಿನ್‌ಗೆ ಜೋಡಿಸಿದ ಕಂಪ್ಯೂಟರ್. ಮಷಿನ್ ಕಂಪನಿಯವರೇ ತಂದಿಟ್ಟದ್ದು. ಒಳಗೆ ವಿಂಡೋಸ್ 7, ಅದರ ಉಚಿತ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿದೆ. ದೂರದಿಂದಲೇ ರಿಪೇರಿ ಮಾಡೋಕೆ ಸರ್ವಿಸ್ ಎಂಜಿನಿಯರ್ ರಿಮೋಟ್ ಸಾಫ್ಟ್‌ವೇರ್ ಹಾಕಿದ್ದರು. ಪಾಸ್‌ವರ್ಡ್ ಬರೆದ ಹಳದಿ ಚೀಟಿ ಮಾನಿಟರ್ ಕೆಳಗೇ ಅಂಟಿತ್ತು. ಅದನ್ನು ನಾನೂ ಎಷ್ಟೋ ಸಲ ನೋಡಿದ್ದೆ, ಕೀಳಲಿಲ್ಲ. ವಿಚಾರಿಸಿದರೆ, ಅವರ ಮಷಿನ್ ಇರೋ ಎಲ್ಲ ಆಸ್ಪತ್ರೆಗೂ ಅದೇ ಪಾಸ್‌ವರ್ಡ್! ಎಲ್ಲೋ ಸೋರಿದ್ದು ನಮ್ಮ ಬಾಗಿಲನ್ನೂ ತೆರೆದಿತ್ತು.

ಎರಡು ದಿನ ರಿಪೋರ್ಟ್ ಕೈಯಲ್ಲೇ ಬರೆದೆವು. ಐಸಿಯುಗೆ ಪೊಟ್ಯಾಸಿಯಂ ಎಷ್ಟು ಅಂತ ಫೋನ್‌ನಲ್ಲಿ ಹೇಳಿದರೆ, ಆ ಕಡೆ ಸಿಸ್ಟರ್ ಪ್ರತಿ ಅಂಕಿಯನ್ನೂ ತಿರುಗಿ ಹೇಳಿಸುತ್ತಿದ್ದರು. 3.6 ಎಲ್ಲಿ, 6.3 ಎಲ್ಲಿ? ಜೀವದ ಪ್ರಶ್ನೆ ಅಲ್ವಾ.

2024ರ ಜೂನ್‌ನಲ್ಲಿ ಲಂಡನ್‌ನಲ್ಲಿ ಆದದ್ದೂ ಇಂಥದ್ದೇ. ದಾಳಿ ನಡೆದದ್ದು ಆಸ್ಪತ್ರೆಗಳಿಗೆ ರಕ್ತ ಪರೀಕ್ಷೆ ಮಾಡಿಕೊಡೋ ಸಿನೋವಿಸ್ ಸಂಸ್ಥೆ ಮೇಲೆ. ಆದರೆ ಆಪರೇಷನ್ ನಿಂತದ್ದು ಆಸ್ಪತ್ರೆಗಳಲ್ಲಿ. ರಕ್ತ ಹೊಂದಿಸಿ ನೋಡೋದು ತಡವಾಗಿ, ಬಹುತೇಕ ಎಲ್ಲರಿಗೂ ಕೊಡಬಹುದಾದ ಓ ಗುಂಪಿನ ರಕ್ತವೇ ಜಾಸ್ತಿ ಬೇಕಾಯ್ತು. ಕೊನೆಗೆ ಆ ಗುಂಪಿನ ದಾನಿಗಳಿಗೆ ಬಹಿರಂಗವಾಗಿ ಕರೆ ಕೊಟ್ಟರು.

ಈಗ ನಮ್ಮಲ್ಲಿ ರಿಮೋಟ್ ಯಾವಾಗಲೂ ಬಂದ್. ಎಂಜಿನಿಯರ್ ಫೋನ್ ಮಾಡಿದರೆ, ನಮ್ಮ ರಿಜಿಸ್ಟರ್‌ನಲ್ಲಿರೋ ನಂಬರ್‌ಗೆ ನಾವೇ ತಿರುಗಿ ಮಾಡ್ತೀವಿ. ಆಮೇಲೆ ತೆರೆದು, ಪಕ್ಕದಲ್ಲೇ ಕೂತು, ಕೆಲಸ ಮುಗಿದ ಕೂಡಲೇ ಮುಚ್ತೀವಿ. ಲ್ಯಾಬ್ ಮಷಿನ್‌ಗಳಿಗೆ ಬೇರೆ ನೆಟ್‌ವರ್ಕ್ ಇದೆ, ಅಲ್ಲಿಂದ ಬಿಲ್ಲಿಂಗ್‌ಗೆ ದಾರಿಯಿಲ್ಲ.

ಜಾಸ್ತಿ ಜಗ್ಗಾಟ ಆಗಿದ್ದು ಎಎಂಸಿ, ಅಂದರೆ ಮಷಿನ್ ಕಂಪನಿ ಜೊತೆಗಿನ ವಾರ್ಷಿಕ ನಿರ್ವಹಣೆ ಒಪ್ಪಂದದ ಕಾಗದದ ಮೇಲೆ. ನಿಮ್ಮಲ್ಲಿ ಏನೇ ಸೋರಿದರೂ ಅವತ್ತೇ ನಮಗೆ ಹೇಳಬೇಕು ಅಂತ ಬರೆಸಿದೆ. ದಾಳಿ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅನ್ನೋ ನಿಯಮ 2022ರಿಂದ ಇದೆ. ಆದರೆ ನಮಗೆ ಗೊತ್ತಾಗೋದೇ ವಾರ ಬಿಟ್ಟು ಅಂದರೆ ಏನು ಮಾಡೋದು? ಕಂಪನಿಯವರು ಒಪ್ಪಲಿಲ್ಲ. ನಮ್ಮ ದೊಡ್ಡ ಡಾಕ್ಟರ್ ಹಟ ಹಿಡಿದು ಕೂತ ಮೇಲೆ ಸಹಿ ಬಿತ್ತು.

ಎಕ್ಸ್‌ರೇ ರೂಮಿನ ಕಂಪ್ಯೂಟರ್ ಇನ್ನೂ ಬಾಕಿ ಇದೆ. ಸೋಮವಾರ ಅವರ ಕಂಪನಿಯವರು ಬರ್ತಾರೆ.