ಅನ್ನಿಸುದಿಲ್ಲ, ಮಾಡ್ತೇನೆ

ಶನಿವಾರ ಬೆಳಿಗ್ಗೆ ಐದೂಕಾಲಿಗೆ ಗೇಟಿನ ಹತ್ತಿರ ರಿಕ್ಷಾಕ್ಕೆ ಕಾಯುತ್ತಿದ್ದಾಗ ಅಮ್ಮನಿಗೆ ಒಂದು ಪ್ರಶ್ನೆ ಕೇಳಿಬಿಟ್ಟೆ. ಅವರು ಎಂದಿನ ಹಾಗೆ ಹೊರಡುವ ಮೊದಲು ಗೋಡೆಗೆ ಕೈ ಕೊಟ್ಟು, ಕಣ್ಣು ಮುಚ್ಚಿ, ಪ್ರಾರ್ಥನೆ ಮುಗಿಸಿ ಬಂದಿದ್ದರು.

"ಅಮ್ಮ, ನಿಮಗೆ ಇನ್ನೂ ಪ್ರಾರ್ಥನೆ ಮಾಡ್ಬೇಕು ಅನ್ನಿಸ್ತದಾ?"

"ಅನ್ನಿಸುದಿಲ್ಲ" ಅಂದರು. ಚೀಲದ ಜಿಪ್ ಎಳೆದರು. "ಮಾಡ್ತೇನೆ."

ಅಷ್ಟೇ. ರಿಕ್ಷಾ ಬಂತು, ಹತ್ತಿದೆವು. ದಾರಿಯುದ್ದಕ್ಕೂ ಅವರು ಹೊರಗೆ ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ. ಅದರಲ್ಲಿ ಬೇಸರ ಇರಲಿಲ್ಲ. ಬೆಳಿಗ್ಗೆ ಎದ್ದು ಒಲೆ ಹಚ್ಚಿದೆ ಅಂತ ಹೇಳುವ ಹಾಗೆ ಹೇಳಿದ್ದರು.

ಡಯಾಲಿಸಿಸ್ ಶುರುವಾಗಿ ಎರಡು ವರ್ಷ ದಾಟಿತು. ಮಂಗಳವಾರ, ಗುರುವಾರ, ಶನಿವಾರ. ಒಂದು ಸಲಕ್ಕೆ ನಾಲ್ಕು ಗಂಟೆ. ಎಡಗೈಯಲ್ಲಿ ಫಿಸ್ಟುಲಾ ಮಾಡಿದ, ಅಂದರೆ ಸೂಜಿ ಚುಚ್ಚಲಿಕ್ಕೆ ಎರಡು ರಕ್ತನಾಳ ಜೋಡಿಸಿದ, ಜಾಗಕ್ಕೆ ಬೆರಳಿಟ್ಟರೆ ಒಳಗೆ ಜುಮ್ಮೆನ್ನುವುದು ಗೊತ್ತಾಗುತ್ತದೆ. ದಿನಕ್ಕೆ ಇಷ್ಟೇ ನೀರು ಅಂತ ಲೆಕ್ಕ ಉಂಟು. ಬೆಳಿಗ್ಗೆ ಒಂದು ಬಾಟಲಿಗೆ ತುಂಬಿಸಿಡುತ್ತೇವೆ, ರಾತ್ರಿಯವರೆಗೆ ಅದರಲ್ಲೇ ಆಗಬೇಕು. ಅಂಗಳದಲ್ಲಿ ಮೂರು ತೆಂಗಿನಮರ. ಎಳನೀರು ಕುಡಿಯುವ ಹಾಗಿಲ್ಲ, ಪೊಟ್ಯಾಸಿಯಂ ಜಾಸ್ತಿ. ಏಪ್ರಿಲ್ ಸೆಕೆಯಲ್ಲಿ ಆ ಮರಗಳ ಕೆಳಗೆ ಕುರ್ಚಿ ಹಾಕಿಕೊಂಡು ಅಮ್ಮ ಸುಮ್ನೆ ಕೂತಿರುತ್ತಾರೆ. ಕರ್ತನ ಭೋಜನದ ಭಾನುವಾರ ಮನೆಗೆ ಬಂದವರೇ ಬಾಟಲಿಯಿಂದ ಒಂದು ಗುಟುಕು ನೀರನ್ನು ಹೂಕುಂಡಕ್ಕೆ ಚೆಲ್ಲುತ್ತಾರೆ. ಚರ್ಚಿನಲ್ಲಿ ಕುಡಿದ ದ್ರಾಕ್ಷಾರಸದ ಲೆಕ್ಕ ಅದು. ಅದು ಬೇಡ ಅಂತ ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.

ಆ ಪ್ರಶ್ನೆ ನನ್ನ ಬಾಯಿಗೆ ಬಂದದ್ದು ಬುಧವಾರದ ಮನೆ ಪ್ರಾರ್ಥನೆಯಿಂದ. ಈ ತಿಂಗಳು ನಮ್ಮ ಮನೆಯ ಸರದಿ. ಇಪ್ಪತ್ತು ಜನ ಬಂದಿದ್ದರು. ಅಮ್ಮನಿಗೆ ಮಾತ್ರ ಕುರ್ಚಿ, ಉಳಿದವರು ಚಾಪೆಯ ಮೇಲೆ. ದೂರದ ಸಂಬಂಧದ ಮಾವ ಒಬ್ಬರು ಊರಿಗೆ ಬಂದವರು ವಾಕ್ಯ ಹೇಳಿದರು. ಬೈಬಲಿನಲ್ಲಿ ಎಫೆಸದವರಿಗೆ ಪೌಲ ಬರೆದ ಪತ್ರ, ಆರನೆಯ ಅಧ್ಯಾಯ, ದೇವರು ಕೊಡುವ ಸರ್ವಾಯುಧಗಳು. ನಂಬಿಕೆ ಅದರಲ್ಲಿ ಗುರಾಣಿ. ಚೆನ್ನಾಗಿಯೇ ಶುರು ಮಾಡಿದರು. ಅವರ ಧ್ವನಿ ಒಳ್ಳೆಯದು, ಓದಿದ್ದೂ ಜಾಸ್ತಿ. ಆದರೆ ಕೊನೆಗೆ ಪುಸ್ತಕ ಮುಚ್ಚಿ, ಅಮ್ಮನ ಕೈಯ ಬ್ಯಾಂಡೇಜ್ ನೋಡುತ್ತಾ ಹೇಳಿದರು: "ಈ ಮನೆಯಲ್ಲಿ ಯಾರದೋ ನಂಬಿಕೆಯ ಗುರಾಣಿಯಲ್ಲಿ ತೂತು ಉಂಟು. ಸೈತಾನ ಅಲ್ಲಿಂದಲೇ ಒಳಗೆ ಬಂದದ್ದು. ಇಲ್ಲದಿದ್ದರೆ ಎರಡು ವರ್ಷ ಯಾಕೆ ಹಿಡೀಬೇಕು?"

ಯಾರೂ ಮಾತಾಡಲಿಲ್ಲ. ನಮ್ಮ ಚರ್ಚಿನ ಪಾದ್ರಿ, ಸಭಾಪಾಲಕರು, ತಲೆ ತಗ್ಗಿಸಿ ಕೂತಿದ್ದರು. ಅವರು ಆಗ ಒಂದು ಮಾತು ಹೇಳಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಒಳ್ಳೆಯವರು ಸುಮ್ಮನಿದ್ದಾಗಲೇ ಇಂಥ ಮಾತು ಮನೆಯೊಳಗೆ ಉಳಿದುಬಿಡುತ್ತದೆ. ಆಮೇಲೆ ಚಹಾ ಬಂತು, ಬಿಸ್ಕೂಟು ಬಂತು. ಅಮ್ಮನೇ ಆ ಮಾವನಿಗೆ "ಇನ್ನೊಂದು ತಗೊಳ್ಳಿ" ಅಂತ ತಟ್ಟೆ ಮುಂದೆ ಮಾಡಿದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟು ಅಂದುಕೊಂಡಿದ್ದೆ. ಆದರೆ ಎರಡು ಗಂಟೆಗೆ ಎದ್ದು ಕೂತಾಗ ಗೊತ್ತಾಯಿತು, ಸಿಟ್ಟಿನ ಅಡಿಯಲ್ಲಿ ಹೆದರಿಕೆ ಇತ್ತು. ಯಾಕೆಂದರೆ ತೂತು ಇದ್ದದ್ದು ನನ್ನ ಗುರಾಣಿಯಲ್ಲಿ. ಎಂಟು ತಿಂಗಳಿಂದ ನಾನು ಒಬ್ಬನೇ ಕೂತು ಪ್ರಾರ್ಥಿಸಿದ್ದು ನೆನಪಿಲ್ಲ. ಆರಾಧನೆಗೆ ಹೋಗುತ್ತೇನೆ, ಹಾಡುತ್ತೇನೆ, ಆಮೆನ್ ಅನ್ನುತ್ತೇನೆ. ಕಣ್ಣು ಮುಚ್ಚಿದರೆ ಮಾತ್ರ ಒಳಗೆ ಯಾರೋ "ಯಾರಿಗೆ ಹೇಳ್ತಾ ಇದ್ದಿ?" ಅಂತ ಕೇಳಿದ ಹಾಗಾಗುತ್ತದೆ. ವಿರೋಧ ಅಂದರೆ ಹೊರಗಿನಿಂದ ಕಲ್ಲು ಬೀಳುವುದು ಅಂತ ಚಿಕ್ಕಂದಿನಲ್ಲಿ ತಿಳಿದಿದ್ದೆ. ಇದು ಮೆತ್ತಗಿನ ಧ್ವನಿ. ನನ್ನದೇ ಧ್ವನಿಯ ಹಾಗೆ ಇರುತ್ತದೆ. ಆಸ್ಪತ್ರೆಯಲ್ಲಿ ಮೆಷಿನ್ ತಿರುಗುವುದನ್ನು ನೋಡುತ್ತಾ ನಾಲ್ಕು ಗಂಟೆ ಕೂತವನಿಗೆ ಅದು ಚೆನ್ನಾಗಿ ಕೇಳುತ್ತದೆ.

ಅದೇ ರಾತ್ರಿ ಆ ಅಧ್ಯಾಯ ತೆಗೆದು ಮತ್ತೆ ಓದಿದೆ. ಮಾವ ಅರ್ಧಕ್ಕೆ ನಿಲ್ಲಿಸಿದ್ದರು. ಆಯುಧಗಳ ಪಟ್ಟಿ ಮುಗಿದ ಮೇಲೆ ಪೌಲ ತನ್ನ ವಿಷಯ ಹೇಳಿಕೊಳ್ಳುತ್ತಾನೆ. ತಾನು ಬೇಡಿ ತೊಟ್ಟವನು ಅಂತ. ನನಗೋಸ್ಕರ ಪ್ರಾರ್ಥಿಸಿ ಅಂತ ಕೇಳುತ್ತಾನೆ. ಏನು ಅಂತ ಪ್ರಾರ್ಥಿಸಬೇಕು? ಬೇಡಿ ಕಳಚಲಿ ಅಂತ ಅಲ್ಲಿ ಕೇಳುವುದಿಲ್ಲ. ಧೈರ್ಯವಾಗಿ ಮಾತಾಡುವ ಹಾಗಾಗಲಿ ಅಂತ ಕೇಳುತ್ತಾನೆ. ಗುರಾಣಿಯ ಬಗ್ಗೆ ಬರೆದವನ ಕೈಯಲ್ಲೇ ಸರಪಳಿ ಇತ್ತು. ಹಾಗಾದರೆ ಅವನ ಗುರಾಣಿಯಲ್ಲೂ ತೂತಿತ್ತಾ? ಇನ್ನೊಂದು ಗಮನಿಸಿದೆ. ಆ ಭಾಗದಲ್ಲಿ ಮತ್ತೆ ಮತ್ತೆ ಬರುವ ಮಾತು 'ನಿಲ್ಲು'. ಎಲ್ಲ ಮಾಡಿ ಮುಗಿಸಿದ ಮೇಲೂ ನಿಲ್ಲು. ನಿಂತಾಗ ಏನನ್ನಿಸಬೇಕು ಅಂತ ಪೌಲ ಬರೆದೇ ಇಲ್ಲ.

ಇದು ಓದಿದ್ದು ಬುಧವಾರ ರಾತ್ರಿ. ಶನಿವಾರ ಅಮ್ಮ ಗೇಟಿನ ಹತ್ತಿರ ಎರಡೇ ಶಬ್ದದಲ್ಲಿ ಅದನ್ನೇ ಹೇಳಿದರು. ಅನ್ನಿಸುದಿಲ್ಲ. ಮಾಡ್ತೇನೆ.

ಅವತ್ತಿನಿಂದ ನಮ್ಮ ಹಿರಿಯರನ್ನು ನೆನೆಯುತ್ತಿದ್ದೇನೆ. ನನ್ನ ಅಜ್ಜನ ಅಜ್ಜ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಷ್ಟರಲ್ಲಿ ನೇಯ್ಗೆಯೂ ಶುರುವಾಗಿತ್ತು. ಧರ್ಮ ಪ್ರಚಾರಕ್ಕೆ ಬಂದವರಿಗೆ ಹಂಚು, ಬಟ್ಟೆ ಯಾಕೆ ಬೇಕಾಯಿತು? ದೀಕ್ಷಾಸ್ನಾನ ತೆಗೆದುಕೊಂಡವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಗೇಣಿಯ ಗದ್ದೆ ಹೋಗುತ್ತಿತ್ತು, ಕುಲಕಸುಬು ಹೋಗುತ್ತಿತ್ತು. ಅವರಿಗೆ ಊಟಕ್ಕೆ ದಾರಿ ಬೇಕಿತ್ತು. ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ಹುಡುಗ 1844ರಲ್ಲಿ ಇದೇ ಮಂಗಳೂರಿನಲ್ಲಿ ಕ್ರೈಸ್ತನಾದಾಗ ಹೆಂಡತಿ ಅವನ ಜೊತೆ ಬರಲಿಲ್ಲ. ಅವನು ಬಾಸೆಲ್‌ಗೆ ಹೋಗಿ ಕಲಿತು, 1851ರಲ್ಲಿ ಪಾದ್ರಿಯಾಗಿ ಊರಿಗೇ ಮರಳಿದ. ಈ ಕತೆಯನ್ನು ಸಂಡೇ ಸ್ಕೂಲಿನಲ್ಲಿ ಧೈರ್ಯದ ಕತೆಯಾಗಿ ಕೇಳಿದ್ದೆ. ಈಗ ಅವನ ಮಾಮೂಲಿ ದಿನಗಳ ಬಗ್ಗೆ ಯೋಚನೆ ಬರುತ್ತದೆ. ದೀಕ್ಷಾಸ್ನಾನ ಆಗಿ ಆರು ತಿಂಗಳ ನಂತರದ ಒಂದು ಮಳೆಗಾಲದ ಬೆಳಿಗ್ಗೆ. ಮನೆ ಇಲ್ಲ, ಹೆಂಡತಿ ಇಲ್ಲ. ಆ ಬೆಳಿಗ್ಗೆ ಅವನಿಗೆ ಪ್ರಾರ್ಥನೆ ಮಾಡಬೇಕು ಅನ್ನಿಸಿತ್ತಾ?

1914ರ ಯುದ್ಧ ಬಂದಾಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ಆಮೇಲೆ ದೇಶದಿಂದಲೇ ಕಳುಹಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಕರೆದುಕೊಂಡು ಬಂದವರೇ ಇಲ್ಲದ ಆ ವರ್ಷಗಳಲ್ಲೂ ಭಾನುವಾರ ಗಂಟೆ ಹೊಡೆಯುತ್ತಿತ್ತು, ನಮ್ಮವರು ಹೋಗಿ ಕೂರುತ್ತಿದ್ದರು. ಅಮ್ಮನ ಹಾಗೆ ಗೋಡೆ ಹಿಡಿದು ನಿಂತವರು ಎಷ್ಟು ಜನರಿದ್ದರೋ. ನಾನು ಇಲ್ಲಿ ಇರುವುದು ಅವರು ನಿಂತದ್ದರಿಂದ.

ಆ ಮಾವ ಕೆಟ್ಟವರಲ್ಲ. ಅವರಿಗೆ ಅಮ್ಮ ಗುಣವಾಗಬೇಕು ಅಂತ ನಿಜವಾಗಿ ಆಸೆ ಇದೆ. ಆದರೆ ಕಾಯಿಲೆಯವರ ಎದುರು ಕೂತು ತಪ್ಪು ಯಾರದು ಅಂತ ಹುಡುಕುವುದು ಬೈಬಲಿನ ಯೋಬನ ಪುಸ್ತಕದಲ್ಲಿ, ಕಷ್ಟದಲ್ಲಿ ಬಿದ್ದ ಯೋಬನ ಸ್ನೇಹಿತರು ಮಾಡಿದ ಕೆಲಸ. ಆ ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾದದ್ದು ಅವರ ಮೇಲೆ, ಗೋಗರೆದು ಜಗಳ ಮಾಡಿದ ಯೋಬನ ಮೇಲಲ್ಲ. ಇದನ್ನು ಅವರಿಗೆ ಹೇಳಬೇಕು. ಮುಂದಿನ ಸಲ ಖಂಡಿತ ಹೇಳುತ್ತೇನೆ, ಅಮ್ಮ ಬೇಡ ಅಂದರೂ.

ಇವತ್ತು ಮಂಗಳವಾರ. ಬೆಳಿಗ್ಗೆ ಅಮ್ಮನಿಗೆ ಸುಸ್ತು ಜಾಸ್ತಿ ಇತ್ತು. ಚಪ್ಪಲಿ ಹಾಕಿಕೊಂಡು, ಗೋಡೆಗೆ ಕೈ ಕೊಟ್ಟು ನಿಂತವರು ನನ್ನ ಕಡೆ ತಿರುಗಿದರು.

"ಇವತ್ತು ನೀನು ಹೇಳು ಮಗಾ."

ನನಗೆ ಒಂದು ಮಾತೂ ಹೊಳೆಯಲಿಲ್ಲ. ಕರ್ತನ ಪ್ರಾರ್ಥನೆ ಶುರು ಮಾಡಿದೆ. ಒಳಗೆ ಏನೂ ಅನ್ನಿಸಲಿಲ್ಲ. ಆ ಮೆತ್ತಗಿನ ಧ್ವನಿ ಅಲ್ಲೇ ಇತ್ತು. ಅನುದಿನದ ಆಹಾರದ ಮಾತಿನ ಹತ್ತಿರ ಅಮ್ಮ ಮೆಲ್ಲಗೆ ದನಿ ಸೇರಿಸಿದರು, ಅವರ ಉಸಿರಿಗೆ ಸರಿಯಾಗಿ ನಾನೂ ನಿಧಾನ ಮಾಡಿದೆ. ಕೊನೆಯವರೆಗೆ ಹೇಳಿದೆವು.

"ಆಮೆನ್" ಅಂದರು ಅಮ್ಮ. ಹೊರಗೆ ರಿಕ್ಷಾದ ಲೈಟು ಕಂಡಿತು. ನಾನು ನೀರಿನ ಬಾಟಲಿ ತೆಗೆದುಕೊಂಡು ಬಾಗಿಲಿಗೆ ಬೀಗ ಹಾಕಿದೆ.