ಗೂಗಲ್ ತೀರ್ಪು ಮತ್ತು ಮುಚ್ಚದೆ ಉಳಿದ ಹಣದ ದಾರಿ

ತನ್ನ ಸೇವೆ ಎಲ್ಲರದಕ್ಕಿಂತ ಉತ್ತಮವೆಂದು ನಂಬಿರುವ ಕಂಪನಿಯೊಂದು, ಆ ಸೇವೆಯನ್ನು ಜನರ ಕಣ್ಣೆದುರಿಗೆ ಇಟ್ಟುಕೊಳ್ಳುವುದಕ್ಕಾಗಿ 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಏಕೆ ಖರ್ಚು ಮಾಡಬೇಕಾಯಿತು? ಅಮೆರಿಕದ ನ್ಯಾಯ ಇಲಾಖೆ 11 ರಾಜ್ಯಗಳ ಜೊತೆಗೂಡಿ 2020ರ ಅಕ್ಟೋಬರ್‌ನಲ್ಲಿ ಗೂಗಲ್ ವಿರುದ್ಧ ಹೂಡಿದ ಮೊಕದ್ದಮೆಯ ತಿರುಳು ಈ ಪ್ರಶ್ನೆಯಲ್ಲಿದೆ ಎಂದು ನಾನು ಭಾವಿಸುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ವಿಚಾರಣೆ ಆರಂಭವಾಗಿ, 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ ಅವರು, ಇಂಟರ್ನೆಟ್ ಹುಡುಕಾಟದಲ್ಲಿ ಗೂಗಲ್ ಏಕಸ್ವಾಮ್ಯ ಹೊಂದಿದೆ ಮತ್ತು ಅದನ್ನು ಉಳಿಸಿಕೊಳ್ಳುವ ಭರದಲ್ಲಿ, ಏಕಸ್ವಾಮ್ಯದ ದುರ್ಬಳಕೆಯನ್ನು ತಡೆಯುವ 1890ರ ಶರ್ಮನ್ ಕಾಯ್ದೆಯನ್ನು ಉಲ್ಲಂಘಿಸಿದೆ ಎಂದು ತೀರ್ಪು ನೀಡಿದರು.

ಗೂಗಲ್‌ನ ಹುಡುಕಾಟ ಗುಣಮಟ್ಟದಲ್ಲಿ ಮುಂದಿದೆ ಎಂಬುದನ್ನು ಅದೇ ತೀರ್ಪು ಒಪ್ಪಿಕೊಳ್ಳುತ್ತದೆ. ದೊಡ್ಡದಾಗಿ ಬೆಳೆಯುವುದು ಕಾನೂನಿನ ಕಣ್ಣಿನಲ್ಲಿ ತಪ್ಪಲ್ಲ. ಬೆಳೆದ ಮೇಲೆ ಇತರರು ಒಳಗೆ ಬರುವ ದಾರಿಯನ್ನು ಹಣ ಕೊಟ್ಟು ಕಟ್ಟುವುದು ತಪ್ಪು. ಆ ದಾರಿ ಎಲ್ಲಿದೆ ಎಂಬುದನ್ನು ಕಾಣಲು ಫೋನನ್ನು ಕೈಗೆತ್ತಿಕೊಂಡರೆ ಸಾಕು. ಹೊಸ ಆಂಡ್ರಾಯ್ಡ್ ಫೋನಿನ ಮೊದಲ ಪರದೆಯ ಮೇಲೆ ಗೂಗಲ್‌ನ ಹುಡುಕುಪಟ್ಟಿ ಮೊದಲೇ ಬಂದು ಕೂತಿರುತ್ತದೆ. ಐಫೋನಿನಲ್ಲಿ ಆಪಲ್‌ನ ಸಫಾರಿ ಬ್ರೌಸರ್ ತೆರೆದು ಎರಡು ಪದ ಬರೆದರೆ ಅವು ನೇರವಾಗಿ ಗೂಗಲ್‌ಗೆ ಹೋಗುತ್ತವೆ. ಸೆಟ್ಟಿಂಗ್ಸ್‌ನೊಳಗೆ ಹೋಗಿ ಬದಲಾಯಿಸಲು ಅವಕಾಶವಿದ್ದರೂ ಬಹುಪಾಲು ಜನ ಅತ್ತ ತಲೆ ಹಾಕುವುದಿಲ್ಲ, ಮತ್ತು ಇದು ಗೂಗಲ್‌ಗೆ ಚೆನ್ನಾಗಿ ಗೊತ್ತು. ಸಫಾರಿಯಲ್ಲಿನ ಆ ಡಿಫಾಲ್ಟ್ (ಮೊದಲೇ ಹೊಂದಿಸಿಟ್ಟ) ಜಾಗಕ್ಕಾಗಿ 2022ರಲ್ಲಿ ಆಪಲ್‌ಗೆ ಸಂದಾಯವಾದ ಮೊತ್ತ ಸುಮಾರು 2,000 ಕೋಟಿ ಡಾಲರ್. ಸಫಾರಿಯ ಮೂಲಕ ಬರುವ ಹುಡುಕಾಟದ ಜಾಹೀರಾತು ಆದಾಯದಲ್ಲಿ ಶೇ 36ರಷ್ಟು ಪಾಲು ಆಪಲ್‌ಗೆ ಹೋಗುತ್ತದೆ ಎಂಬ ಸಂಗತಿಯೂ ವಿಚಾರಣೆಯ ವೇಳೆ ಬಯಲಾಯಿತು.

ಈ ವ್ಯವಹಾರದ ನಿಜವಾದ ಪೆಟ್ಟು ಬೀಳುವುದು ದತ್ತಾಂಶದ ಮೇಲೆ. ಸರ್ಚ್ ಎಂಜಿನ್ ಕಲಿಯುವುದು ಬಳಕೆದಾರರಿಂದ: ಯಾರು ಏನು ಕೇಳಿದರು, ಯಾವ ಕೊಂಡಿಯನ್ನು ಒತ್ತಿದರು, ತೆರೆದ ಪುಟದಿಂದ ತಕ್ಷಣ ಹಿಂದಿರುಗಿದರೇ ಅಥವಾ ಅಲ್ಲಿಯೇ ಉಳಿದು ಓದಿದರೇ ಎಂಬ ವಿವರಗಳೆಲ್ಲ ಮುಂದಿನ ಉತ್ತರವನ್ನು ತಿದ್ದುತ್ತವೆ. ನ್ಯಾಯಾಲಯ ಕಂಡುಕೊಂಡಂತೆ, ಗೂಗಲ್‌ಗೆ ದಿನವೂ ಬರುವ ಪ್ರಶ್ನೆಗಳು ಅದರ ಎಲ್ಲ ಪ್ರತಿಸ್ಪರ್ಧಿಗಳಿಗೆ ಒಟ್ಟಾಗಿ ಬರುವುದರ ಒಂಬತ್ತು ಪಟ್ಟು, ಮೊಬೈಲ್‌ನಲ್ಲಂತೂ 19 ಪಟ್ಟು. ಗೂಗಲ್ 13 ತಿಂಗಳಲ್ಲಿ ಕೂಡಿಹಾಕುವ ಬಳಕೆದಾರರ ದತ್ತಾಂಶವನ್ನು ಕೂಡಿಹಾಕಲು ಮೈಕ್ರೋಸಾಫ್ಟ್‌ನ ಬಿಂಗ್‌ಗೆ 17 ವರ್ಷಕ್ಕೂ ಹೆಚ್ಚು ಕಾಲ ಬೇಕು. ಡಿಫಾಲ್ಟ್ ಜಾಗ ಸಿಕ್ಕವರಿಗೆ ಪ್ರಶ್ನೆಗಳು ಸಿಗುತ್ತವೆ, ಪ್ರಶ್ನೆಗಳಿಂದ ಗುಣಮಟ್ಟ ಏರುತ್ತದೆ, ಏರಿದ ಗುಣಮಟ್ಟದಿಂದ ಜಾಹೀರಾತಿನ ಹಣ ಬರುತ್ತದೆ, ಆ ಹಣದಲ್ಲಿ ಮತ್ತೆ ಅದೇ ಜಾಗವನ್ನು ಕೊಳ್ಳಬಹುದು.

ಅಪರೂಪದ ಪ್ರಶ್ನೆಗಳಲ್ಲಿ ಈ ಅಂತರ ಇನ್ನಷ್ಟು ಹಿಗ್ಗುತ್ತದೆ ಎಂದು ತೀರ್ಪು ಹೇಳುತ್ತದೆ. ಕನ್ನಡದಲ್ಲಿ ಹುಡುಕುವ ನಮಗೆ ಇದು ದೂರದ ಮಾತಲ್ಲ. ಹವಾಮಾನವನ್ನೋ ಕ್ರಿಕೆಟ್ ಸ್ಕೋರನ್ನೋ ಎಲ್ಲರೂ ಕೇಳುತ್ತಾರೆ, ಅದಕ್ಕೆ ಯಾವ ಎಂಜಿನ್ ಆದರೂ ಉತ್ತರಿಸಬಲ್ಲದು. ಆದರೆ ಶಿರಸಿಯ ಕಡೆಯ ಬೆಳೆಗಾರರೊಬ್ಬರು 'ಅಡಿಕೆ ಹಿಂಗಾರ ಒಣಗುವ ರೋಗಕ್ಕೆ ಯಾವ ಔಷಧ ಸಿಂಪಡಿಸಬೇಕು' ಎಂದು ಕನ್ನಡದಲ್ಲಿ ಬರೆದರೆ, ಅಂಥ ಪ್ರಶ್ನೆ ಮೊದಲೇ ಕೆಲವು ಸಲವಾದರೂ ಬಂದಿರುವ ಎಂಜಿನ್ನಿಗೆ ಮಾತ್ರ ಯಾವ ಪುಟ ಉಪಯೋಗಕ್ಕೆ ಬಂದಿತ್ತು ಎಂಬುದು ತಿಳಿದಿರುತ್ತದೆ. ಇಂಗ್ಲಿಷಿನಲ್ಲೇ ಪ್ರತಿಸ್ಪರ್ಧಿಗಳು ಇಷ್ಟು ಹಿಂದುಳಿದಿದ್ದರೆ, ಚಿಕ್ಕ ಭಾಷೆಗಳಲ್ಲಿ ಅವರು ಕಲಿಯಲು ತೊಡಗುವ ಮಟ್ಟಕ್ಕೂ ಬರಲಾರರು ಎಂಬುದು ನನ್ನ ಆತಂಕ.

ಸ್ಪರ್ಧೆಯ ಭಯವಿಲ್ಲದ ಕಂಪನಿ ಹೇಗೆ ಯೋಚಿಸುತ್ತದೆ ಎಂಬುದಕ್ಕೆ ತೀರ್ಪಿನಲ್ಲಿರುವ ಒಂದು ವಿವರ ನನ್ನನ್ನು ಬಹಳ ಕಾಡಿದೆ. ಹುಡುಕಾಟದ ಗುಣಮಟ್ಟವನ್ನು ಗಣನೀಯವಾಗಿ ಇಳಿಸಿದರೆ ಆದಾಯಕ್ಕೆ ಏನಾಗುತ್ತದೆ ಎಂದು ಗೂಗಲ್ 2020ರಲ್ಲಿ ತಾನೇ ಅಧ್ಯಯನ ಮಾಡಿಸಿತ್ತು. ಆದಾಯಕ್ಕೆ ಹೊಡೆತ ಬೀಳುವುದಿಲ್ಲವೆಂದು ಅದಕ್ಕೆ ತಿಳಿದುಬಂತು. ಹುಡುಕಾಟದ ಜೊತೆ ತೋರಿಸುವ ಪಠ್ಯ ಜಾಹೀರಾತುಗಳ ಬೆಲೆಯನ್ನು ಅದು ಪ್ರತಿಸ್ಪರ್ಧಿಗಳ ಅಂಕೆಯಿಲ್ಲದೆ ಏರಿಸಬಲ್ಲದು ಎಂಬುದೂ ಸಾಬೀತಾಯಿತು. ಬಳಕೆದಾರರಿಗೆ ಸೇವೆ ಉಚಿತ, ಹಾಗಾಗಿ ಯಾರಿಗೂ ನಷ್ಟವಿಲ್ಲ ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ, ಏಕೆಂದರೆ ಜಾಹೀರಾತಿಗೆ ಹೆಚ್ಚು ತೆತ್ತ ವ್ಯಾಪಾರಿ ಆ ಹಣವನ್ನು ಕೊನೆಗೆ ಗ್ರಾಹಕರಿಂದಲೇ ವಸೂಲಿ ಮಾಡುತ್ತಾನೆ.

ನಮ್ಮ ದೇಶವೂ ಸುಮ್ಮನೆ ಕೂತಿರಲಿಲ್ಲ. ಭಾರತೀಯ ಸ್ಪರ್ಧಾ ಆಯೋಗ ಹುಡುಕಾಟದಲ್ಲಿನ ಪಕ್ಷಪಾತಕ್ಕಾಗಿ 2018ರಲ್ಲಿ 135.86 ಕೋಟಿ ರೂಪಾಯಿ, ಆಂಡ್ರಾಯ್ಡ್ ಪ್ರಕರಣದಲ್ಲಿ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡಕ್ಕಿಂತ ಅದರ ಜೊತೆಗಿದ್ದ ನಿರ್ದೇಶನಗಳು ನನಗೆ ಮುಖ್ಯವಾಗಿ ಕಾಣುತ್ತವೆ: ಫೋನನ್ನು ಮೊದಲ ಬಾರಿ ಸಿದ್ಧಪಡಿಸುವಾಗಲೇ ಯಾವ ಸರ್ಚ್ ಎಂಜಿನ್ ಬೇಕೆಂದು ಬಳಕೆದಾರರನ್ನು ಕೇಳಬೇಕು ಎಂಬುದು ಅವುಗಳಲ್ಲೊಂದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಲು ನಿರಾಕರಿಸಿದ ಬಳಿಕ ಗೂಗಲ್ ಭಾರತದಲ್ಲಿ ಆ ಆಯ್ಕೆ ಕೊಡುವುದಾಗಿ ಪ್ರಕಟಿಸಿತು. ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು.

ಅಮೆರಿಕದಲ್ಲಿ ಈ ತಪ್ಪನ್ನು ಸರಿಪಡಿಸುವ ಕ್ರಮಗಳ ಆದೇಶ ಬಂದದ್ದು 2025ರ ಸೆಪ್ಟೆಂಬರ್ 2ರಂದು. ಕ್ರೋಮ್ ಬ್ರೌಸರನ್ನು ಮಾರಿಸಬೇಕೆಂಬ ಸರ್ಕಾರದ ಬೇಡಿಕೆಯನ್ನು ನ್ಯಾಯಾಧೀಶರು ತಳ್ಳಿಹಾಕಿದರು, ಆ ಮಟ್ಟಿಗೆ ಅವರ ಎಚ್ಚರಿಕೆ ನನಗೆ ಅರ್ಥವಾಗುತ್ತದೆ. ಇನ್ನೊಬ್ಬರಿಗೆ ಜಾಗ ಸಿಗದಂತೆ ಮಾಡುವ ಒಪ್ಪಂದಗಳನ್ನು ಅವರು ನಿಷೇಧಿಸಿದರು, ಅರ್ಹ ಪ್ರತಿಸ್ಪರ್ಧಿಗಳೊಂದಿಗೆ ಒಂದಿಷ್ಟು ದತ್ತಾಂಶ ಹಂಚಿಕೊಳ್ಳಬೇಕೆಂದೂ ಆದೇಶಿಸಿದರು. ಆದರೆ ಡಿಫಾಲ್ಟ್ ಜಾಗಕ್ಕೆ ಹಣ ಕೊಡುವುದನ್ನು ಮಾತ್ರ ತಡೆಯಲಿಲ್ಲ. ಹಣ ನಿಂತರೆ ಆಪಲ್, ಫೈರ್‌ಫಾಕ್ಸ್‌ನ ಮೊಜಿಲ್ಲಾ ಮುಂತಾದವರಿಗೆ ಪೆಟ್ಟು ಬೀಳುತ್ತದೆ, ಜೊತೆಗೆ ಎಐ ಚಾಟ್‌ಬಾಟ್‌ಗಳು ಬಂದು ಸ್ಪರ್ಧೆಯ ಸ್ವರೂಪವೇ ಬದಲಾಗುತ್ತಿದೆ ಎಂಬುದು ಅವರ ತರ್ಕ.

ಈ ತರ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಇಷ್ಟು ದೊಡ್ಡ ಮೊತ್ತ ಕೈಸೇರುತ್ತಿರುವಾಗ ಆಪಲ್‌ಗೆ ಸ್ವಂತ ಸರ್ಚ್ ಎಂಜಿನ್ ಕಟ್ಟುವ ಉತ್ಸಾಹ ಕುಗ್ಗುತ್ತದೆ ಎಂದು 2024ರಲ್ಲಿ ಕಂಡುಕೊಂಡದ್ದು ಇದೇ ನ್ಯಾಯಾಲಯ. ಡಿಫಾಲ್ಟ್ ಒಪ್ಪಂದಗಳು ಇನ್ನು ಒಂದು ವರ್ಷಕ್ಕಿಂತ ದೀರ್ಘವಾಗುವಂತಿಲ್ಲ ಎಂಬ ಷರತ್ತು ಅಂತಿಮ ಆದೇಶದಲ್ಲಿದೆ, ನಿಜ; ಆದರೆ ವರ್ಷವರ್ಷವೂ ಹರಾಜು ಕೂಗಿದರೂ 2,000 ಕೋಟಿ ಡಾಲರ್‌ಗೆ ಎದುರಾಗಿ ಬೆಲೆ ಕೂಗಬಲ್ಲವರು ಬೆರಳೆಣಿಕೆಯಷ್ಟು ಮಂದಿ, ಮತ್ತು ಅವರಲ್ಲಿ ಯಾರೂ ಹೊಸಬರಲ್ಲ. ಈ ಕ್ರಮಗಳಿಂದ ಸ್ಪರ್ಧೆ ಚೇತರಿಸಿಕೊಳ್ಳದಿದ್ದರೆ ಹಣ ಪಾವತಿಯ ನಿಷೇಧವನ್ನು ಮತ್ತೆ ಪರಿಶೀಲಿಸಲು ಸಿದ್ಧ ಎಂದು ಮೆಹ್ತಾ ಅವರು ಆದೇಶದಲ್ಲೇ ಬರೆದಿದ್ದಾರೆ. ಆದೇಶದ ಅವಧಿ ಆರು ವರ್ಷ. ಆ ಪರಿಶೀಲನೆ ಮೊದಲ ಎರಡು ವರ್ಷಗಳಲ್ಲೇ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ.